ಕೇಂದ್ರಕ್ಕ ಬೆನ್ನು

ಪುಸ್ತಕದಾಗಿನ ಮಂದಿ ದುಂಡನ್ನ ಮೇಜಿನ ಸುತ್ತ ಕೂಡತಾರ,
ಎಲ್ಲಾರ ಮುಖ ಕೇಂದ್ರದ ಕಡಿಗೆ.
ಅವರಿಗೆ ಬೆವರಿಲ್ಲ, ಅಡ್ಡಹೆಸರಿಲ್ಲ,
ಎ ಬಿ ಸಿ ಡಿ ಅಂದ್ರ ಸಾಕು, ಓ ಅಂತಾರ.

ನಮ್ಮಲ್ಲಿ ಮೇಜಿಲ್ಲ.
ಉಮದಿಯ ಹಳೇ ಸಾಲಿ ಹಿಂದ
ಬೇವಿನ ಮರಕ್ಕೊಂದು ಕಟ್ಟಿ.
ಮರಕ್ಕ ಬೆನ್ನು ಹಚ್ಚಿ ಕೂಡಬೇಕು, ಮುಖ ಹೊರಗ:
ಒಬ್ಬರಿಗೆ ಜತ್ತದ ರಸ್ತೆ, ಒಬ್ಬರಿಗೆ ವಿಜಾಪುರದ್ದು,
ಒಬ್ಬರಿಗೆ ಬರೇ ಗ್ವಾಡಿ.
ಹಿಂಗ ಕೂತ್ರ ಎಡಾ ಬಲಾ ಅದಲಿಬದಲಿ ಆಕ್ಕಾವು.
ಇಷ್ಟು ತಿಳಿಯಾಕ ನನಗ ಎರಡು ಪರೀಕ್ಷಾ ಹೋದವು.

ಸಂಜಿ ಹಾಲು ಅಳದು, ಫ್ಯಾಟು ಬರದು,
ಡೇರಿ ಕೀಲಿ ಸೊಂಟಕ್ಕ ಸಿಗಿಸಿಕೊಂಡು ಬರತೀನಿ.
ಕೈಯಾಗಿನ ಹಾಲಿನ ವಾಸನಿ ಪುಟಕ್ಕೂ ಹತ್ತೇತಿ;
ರಕ್ತಸಂಬಂಧದ ಪಾಠದಾಗ
ಒಂದು ಇರಿವಿ ಒಣಗಿ ಅಂಟಿಕೊಂಡೈತಿ.

ಲೆಕ್ಕ ಹಿಡೀರಿ.
ಆರು ಮಂದಿಯ ಜಾಗಾದಾಗ ಐದು ಮಂದಿ.
ನನ್ನ ಬಲಕ್ಕ ಹೊಂದಿಕೊಂಡು ಸುಖದೇವ,
ಮೊಬೈಲು ಹಿಡದು ಹೊತ್ತು ಒದರಾಂವ.
ನನ್ನ ಎಡಕ್ಕ ಎರಡನೇದಾಂವ ಬೀರಪ್ಪ,
ಕುರಿ ದೊಡ್ಡಿಗೆ ಹೊಡದು ಕಂಬಳಿ ತಂದಾನ.
ನಮ್ಮಿಬ್ಬರ ನಡುವ ಖಾಲಿ.
ಮೌಲಾಲಿ ಸುಖದೇವನ ಬಾಜೂಕ ಕೂಡೂದಿಲ್ಲ,
ಹೋದ ವರ್ಷದ ಫಾರಮಿನ ರೊಕ್ಕ ಇನ್ನಾ ಬಾಕಿ;
ಯಾರು ಯಾರಿಗೆ ಕೊಡಬೇಕು? ಮಾಹಿತಿ ಸಾಲದು.
ಉಳದಾಕಿ ದಾನಮ್ಮ.

ಪ್ರಶ್ನೆ: ಖಾಲಿ ಜಾಗಕ್ಕ ಬೆನ್ನು ಕೊಟ್ಟು ಕೂತವರು ಯಾರು?

ಅದು ಕಸ್ತೂರಿಯ ಜಾಗಾ.
ಇಬ್ಬರೂ ಒಂದೇ ಪುಸ್ತಕ ಹರದು ಹಂಚಿಕೊಂಡವರು,
ಗಣಿತ ಒಬ್ಬಾಕಿಗೆ, ತರ್ಕ ಒಬ್ಬಾಕಿಗೆ.
ಈಗ ನಂದುರಬಾರದಾಗ ಕಾಜಿನ ಹಿಂದ ನೋಟು ಎಣಸತಾಳ,
ಅಲ್ಲಿಯವರ ಮರಾಠಿ ತನಗ ತಿಳಿಯೂದಿಲ್ಲಂತ ಫೋನಿನಾಗ ನಗತಾಳ.
ಮೊನ್ನಿ ಆ ಜಾಗಾದಾಗ ನಾ ಚೀಲಾ ಇಟ್ಟೆ.
ಮರದ ಆಚಿಂದ, ತಿರುಗಿ ನೋಡದನ,
ದಾನಮ್ಮ ಅಂದಳು: ತಗೀ.

ಒಬ್ಬಾಂವ ಫೋಟೋ ತೋರಿಸಿ ಅಂದ, ಈಕಿಯ ತಾಯಿ...
ಬೀರಪ್ಪ ಓದಾಕ ಸುರು ಮಾಡಿದ್ರ ಪೆನ್ನು ಕೆಳಗಿಡತೀನಿ.
ನನ್ನ ಗಂಡ ನಮ್ಮವ್ವನ ತಮ್ಮ.
ನನ್ನ ಮಗನಿಗೆ ಅಜ್ಜಿ ಅಂದ್ರ ಸೋದರತ್ತಿ,
ಹಡದ ನಾನು ಅತ್ತೀ ಮಗಳು.
ಐದು ಉತ್ತರದಾಗ ಒಂದರಾಗೂ ನಮ್ಮ ಮನಿ ಇಲ್ಲ.
ಮೌಲಾಲಿ ಅಂತಾನ: ಅಕ್ಕಾ, ನಿಮ್ಮನಿ ಬಿಡಸಾಕ ಕೂತ್ರ
ಪೇಪರಿನ ಹೊತ್ತು ಮುಗೀತೈತಿ.

ಎಲ್ಲಾ ಗಡಿ ಗೆರಿ.
ಕೆಲವು ಗೆರಿ ದಾರಿ.
ಹಂಗಾದ್ರ ಕೆಲವು ಗಡಿ ದಾರಿ ಹೌದೋ ಅಲ್ಲೋ?
ಹೌದಂದ ಬೀರಪ್ಪ, ಅವನ ಕುರಿ ದಿನಾ ದಾಟತಾವ.
ಕುರಿ ಪ್ರಶ್ನ್ಯಾಗಿಲ್ಲ, ಅಂದ ಸುಖದೇವ,
ಕಾಲು ಅಂಕ ಕಟ್.
ಬೀರಪ್ಪ ಬಾಳ ಹೊತ್ತು ಸುಮ್ಮನ ಕೂತ.
ಫಾರಮಿನಾಗ ರಾಜ್ಯ ಒಂದೇ ಆರಿಸಬೇಕು.

ಹೋದ ಸಲ ಸಾಂಗಲಿಯ ತಣ್ಣನ್ನ ಕೋಣ್ಯಾಗ
ಪರದೆ ಮ್ಯಾಲ ಬಂತು:
ಎಂಟು ಮಂದಿ, ಎಲ್ಲಾರೂ ಕೇಂದ್ರಕ್ಕ ಬೆನ್ನು.
ಕಣ್ಣು ಮುಚ್ಚಿದೆ. ಪ್ಲಾಸ್ಟಿಕ್ ಕುರ್ಚ್ಯಾಗ
ಬೇವಿನ ತೊಗಟಿ ಬೆನ್ನಿಗೆ ಚುಚ್ಚಿತು.
ಐದಕ್ಕ ಐದು ಬಂದವು.
ಕಟ್‌ಆಫಿಗೆ ಒಂದೂವರಿ ಕಡಿಮಿ.

ಬರೂ ಮಾಘಕ್ಕ ಇಪ್ಪತ್ತೆಂಟು ತುಂಬತಾವ,
ಆಮ್ಯಾಲ ನನ್ನ ಹೆಸರು ಫಾರಮಿಗೆ ಬ್ಯಾಡ.
ಯಾರಿಗೂ ಹೇಳಿಲ್ಲ. ಎಲ್ಲಾರಿಗೂ ಗೊತ್ತೈತಿ.

ಕರೆಂಟು ಹೋದ್ರ ಏಳತೀವಿ.
ಮೇಜಿನ ಮಂದಿ ಎದ್ರ ಒಬ್ಬರಿಗೊಬ್ಬರು ಹಾಯತಾರ;
ನಾವು ಮುಖ ಇದ್ದ ಕಡೆ ನೆಟ್ಟಗ ನಡದ್ರ ಸಾಕು,
ಯಾರ ಭುಜಾನೂ ಯಾರಿಗೂ ತಾಗೂದಿಲ್ಲ.
ಸುಖದೇವ ಕತ್ತಲಾಗ ಒದರತಾನ: ನಾಳಿ ಕೋಡಿಂಗು!
ದಾನಮ್ಮ ಮಾತ್ರ ಮರ ಸುತ್ತಿ ಬಂದು
ಖಾಲಿ ಜಾಗದ ಮ್ಯಾಲಿನ ಬೇವಿನ ಎಲಿ ಝಾಡಿಸಿ
ಹೋಗತಾಳ.