ಆರು ನಿಮಿಷದ ಪಾವು

ನಾನು ವಕೀಲನಲ್ಲ, ವಕೀಲರ ಬಿಲ್ಲು ಬರೆಯುವವನು.
ಹಲ್ ಪಟ್ಟಣದ ಹಳೇ ಮೀನುಕಟ್ಟೆಯ ಹಿಂದೆ
ಒಂದು ಮಾಳಿಗೆ, ಒಂದು ಹೀಟರು, ಕಡತಗಳ ರಾಶಿ.
ಇಲ್ಲಿ ಹೊತ್ತನ್ನು ಅಳೆಯುವ ಪಾವು ಆರು ನಿಮಿಷದ್ದು.
ಅರೆಪಾವು ಎಂಬುದಿಲ್ಲ.
ಒಂದು ಸೀನು ಸೀನುವಷ್ಟು ಹೊತ್ತು ಫೋನೆತ್ತಿದರೂ
ಪಾವು ತುಂಬಿತೆಂದೇ ಲೆಕ್ಕ.
ಪಾವಿಗೆ ಇಪ್ಪತ್ತನಾಲ್ಕು ಪೌಂಡು.

ಗ್ಲೆನಿಸ್ ಹೋಲ್ಟ್ ಕಡತ, ಮೂರು ಪೆಟ್ಟಿಗೆ.
ಗಂಡ ರೋಲಂಡ್ ಹಡಗುಕಟ್ಟೆಯಲ್ಲಿ ಬಾಯ್ಲರುಗಳಿಗೆ
ಕಲ್ನಾರಿನ ಹೊದಿಕೆ ಸುತ್ತುತ್ತಿದ್ದವನು,
ಇಪ್ಪತ್ತೆರಡು ವರ್ಷ. ಆಮೇಲೆ ಅದೇ ಕಲ್ನಾರು
ಅವನ ಶ್ವಾಸಕೋಶವನ್ನು ಒಳಗಿಂದ ಸುತ್ತಿತು.
ಗೆದ್ದವನು ಸೋತ, ಸೋತವನು ಸತ್ತ
ಅನ್ನುತ್ತಾರಲ್ಲ ಕೋರ್ಟಿನ ಮಾತು,
ಇಲ್ಲಿ ಸತ್ತವನೇ ಗೆದ್ದ.
ದುಡ್ಡು ಬಂದಾಗ ಅವನು ಮಣ್ಣಾಗಿ ಒಂಬತ್ತು ತಿಂಗಳು.

ತಮ್ಮ ಪಾಲು ಮುರಿದುಕೊಂಡು
ಪಾರ್ಜಿಟರ್ ಸಾಹೇಬರು ಚೆಕ್ಕು ಕಳಿಸಿದರು.
ಅವಳು ಬರೆದಳು: 'ಮುರಿದದ್ದು ಯಾತಕ್ಕೆ, ಬಿಡಿಸಿ ಹೇಳಿ.'
ಆ ಪತ್ರದ ಮರುದಿನದಿಂದ ಅವಳು
'ಮಾಜಿ ಕಕ್ಷಿದಾರಳು'.
ಬಿಡಿಸುವ ಕೆಲಸ ನನ್ನ ಮೇಜಿಗೆ ಬಂತು.

ಬಿಡಿಸಿದೆ. ಮುನ್ನೂರ ಹನ್ನೊಂದು ಬಾಬತ್ತು.
ವೈದ್ಯರಿಗೆ ಪತ್ರ, ಒಂದು ಪಾವು. ನೆನಪೋಲೆ, ಒಂದು.
ಕಡತ ಓದಿದ್ದು, ಏಳು.
ಮರೆತು ಮತ್ತೆ ಓದಿದ್ದು
(ಅದಕ್ಕೆ ನಾವು 'ಪುನರ್‌ಪರಿಶೀಲನೆ' ಎನ್ನುತ್ತೇವೆ) ಒಂಬತ್ತು.
ಬಾಬತ್ತು ಇನ್ನೂರ ಆರು:
'ಕಕ್ಷಿದಾರಳಿಂದ ಫೋನು, ಗಂಡ ತೀರಿಕೊಂಡ ವಿಷಯ. ಒಂದು.'
ಇನ್ನೂರ ಏಳು:
'ಸಂತಾಪ ಸೂಚಿಸಿ ಪತ್ರ. ಎರಡು.'
ಬೆರಳು ನಿಂತಿತು. ಆದರೂ ಟೈಪು ಮಾಡಿದೆ.
ನಾನು ಅಳೆಯುವವನು, ಬೆಳೆಯುವವನಲ್ಲ.

ಲೀಡ್ಸಿನಲ್ಲಿ ಮೂರನೇ ಮಹಡಿ, ಕಿಟಕಿ ತೆರೆಯದ ಕೋಣೆ.
ಖರ್ಚು ತೂಗುವ ನ್ಯಾಯಾಧೀಶೆಗೆ ನೆಗಡಿ.
ಗ್ಲೆನಿಸ್ ಹೊಸ ವಕೀಲರನ್ನು ತಂದಿರಲಿಲ್ಲ.
ತಂದದ್ದು ಒಂದು ಸೀಸದ ಕಡ್ಡಿ,
ಮೂವತ್ತು ವರ್ಷ ಕಾರ್ಖಾನೆಯಲ್ಲಿ ಮೀನು ಸೀಳಿದ ಕೈ.
ಮುಳ್ಳು ಒಂದೊಂದೇ ಕಿತ್ತಳು:
'ಇದು ಓದಿದ್ದೇ ಓದಿದ್ದು.
ಇದು ಗುಮಾಸ್ತೆ ಮಾಡಿದ್ದು, ಯಜಮಾನರ ದರ ಹಾಕಿದ್ದೀರಿ.
ಈ ದಿನ ನಿಮ್ಮ ಕಚೇರಿಗೇ ರಜೆ.'

'ಇನ್ನೂರ ಆರು?'
'ಅದು ಸರಿಯಿದೆ.'
ನ್ಯಾಯಾಧೀಶೆ ತಲೆಯೆತ್ತಿದರು.
'ಅವರು ಏನೂ ಮಾತಾಡಲಿಲ್ಲ. ಫೋನು ಇಡಲೂ ಇಲ್ಲ.
ಉಸಿರಾಡೋದು ಕೇಳಿಸ್ತಾ ಇತ್ತು.
ಆವತ್ತು ನನಗೆ
ಉಸಿರಾಡೋರು ಯಾರಾದರೂ ಬೇಕಿತ್ತು.
ಅದನ್ನ ಕೊಡ್ತೇನೆ.'
ಪಾರ್ಜಿಟರ್ ತಮ್ಮ ಪೆನ್ನಿನ ಮುಚ್ಚಳ ನೋಡಿಕೊಂಡರು.
ಇನ್ನೂರ ಏಳಕ್ಕೆ ಯಾರೂ ಬಾಯಿಬಿಡುವ ಮೊದಲೇ
ನ್ಯಾಯಾಧೀಶೆ ಮೂಗೊರೆಸಿ ಅಡ್ಡಗೆರೆ ಎಳೆದರು.

ಕಾಯಿದೆಯಲ್ಲಿ ಒಂದು ಸಾಲಿದೆ:
ಐದರಲ್ಲೊಂದು ಪಾಲು ಬಿಲ್ಲು ಕರಗಿದರೆ
ತೂಗಿಸಿದ ಖರ್ಚು ವಕೀಲರ ತಲೆಗೆ;
ಕರಗದಿದ್ದರೆ, ಕೇಳಿದವಳ ತಲೆಗೆ.
ಹದಿನೆಂಟು ಸಾವಿರದ ನಾನೂರರಲ್ಲಿ
ಕರಗಬೇಕಿದ್ದದ್ದು ಮೂರು ಸಾವಿರದ ಆರುನೂರ ಎಂಬತ್ತು.
ಕೂಡಿದೆ. ಇನ್ನೊಮ್ಮೆ ಕೂಡಿದೆ.
ಹತ್ತೊಂಬತ್ತು ಪೌಂಡು ಕಮ್ಮಿ.
ಆ ಒಂದು ಪಾವು ಬೇಡ ಅಂದಿದ್ದರೆ...
ನಾನು ಬಾಯಿ ತೆರೆಯಲಿಲ್ಲ. ನನ್ನ ಕೂಲಿ ಆ ಕಡೆಯದು.

ಹಲ್ ಕಡೆಯ ರೈಲು ತಡ.
ಬೆಂಚಿನ ಆ ತುದಿಗೆ ಅವಳು, ಈ ತುದಿಗೆ ನಾನು,
ನಡುವೆ ಯಾರದೋ ಒದ್ದೆ ಕೊಡೆ.
'ಕೂಡೋದು ನನಗೂ ಬರುತ್ತೆ,' ಅಂದಳು
ಹಳಿಯ ಕಡೆ ನೋಡುತ್ತ.
ಚೀಲ ತಡಕಿ ಪೆಪ್ಪರ್‌ಮಿಂಟೊಂದು ಚಾಚಿದಳು.
ತಗೊಂಡೆ.
ಬಾಯಲ್ಲಿ ಅದು ಕರಗುವ ತನಕ ಇಬ್ಬರೂ ಸುಮ್ಮನಿದ್ದೆವು.
ಎಷ್ಟು ಹೊತ್ತೋ,
ಗಡಿಯಾರ ನೋಡಲಿಲ್ಲ.