ನಲವತ್ತಾರು ಕೆ.ಜಿ.

ಶಾರ್ಜಾದ ರೋಲಾದಲ್ಲಿ ನನ್ನದು ತೂಗುವ ಕೆಲಸ.
ಊರಿಗೆ ಹೊರಟ ರಟ್ಟಿನ ಪೆಟ್ಟಿಗೆಗಳು,
ಹಗ್ಗ ಬಿಗಿದ ಕಂಬಳಿ, ಹಾಲಿನ ಪುಡಿ,
ಯಾರದೋ ಮದುವೆಗೆಂದು ಕೊಂಡ ಮಿಕ್ಸರ್.
ಕಾಟಾದ ಮೇಲೆ ಏರಿಸಿ, ಕೆಂಪು ಅಂಕಿ ಓದಿ,
ಕಿಲೋಗೆ ಇಷ್ಟು ಎಂದು ಚೀಟಿ ಹರಿದು ಕೊಡುತ್ತೇನೆ.
ಮಧ್ಯಾಹ್ನ ಗಿರಾಕಿಯಿಲ್ಲದಾಗ ನಾನೇ ಹತ್ತಿ ನಿಲ್ಲುವುದುಂಟು.
ನಲವತ್ತಾರು. ಚಪ್ಪಲಿ ಸೇರಿ.

ಗಾಳಿ ಬಂದರೆ ಹಾರಿ ಹೋಗ್ತಿ ಮಾರಾಯ್ತಿ, ಎಂದವರೇ
ಈ ಮರಳುಗಾಳಿಯ ದೇಶಕ್ಕೆ ನನ್ನನ್ನು ಕಳಿಸಿದ್ದು.
ಹಾರಿಲ್ಲ. ಹನ್ನೊಂದು ವರ್ಷ.

ಸೈಕಲ್ಲು ಕೊಂಡದ್ದು ಊರು ಬಿಡುತ್ತಿದ್ದ ಒಬ್ಬ ಜರ್ಮನ್‌ನಿಂದ;
ತೊಂಬತ್ತೆಂಟು ಕಿಲೋದ ಆಸಾಮಿ,
ಮುಂದಿನ ಫೋರ್ಕಿನೊಳಗೆ ತನ್ನಷ್ಟೇ ಗಟ್ಟಿಯಾದ ಉಕ್ಕಿನ ಸ್ಪ್ರಿಂಗ್ ಹಾಕಿಸಿದ್ದ.
ಹತ್ತಾಕ್ಕೆ ಹತ್ತಲೆಂದೇ ಹೋದೆ. ಇಳಿಯುವಾಗ ತಿಳಿಯಿತು:
ಬೆಟ್ಟದ ಒಂದೊಂದು ಹಲ್ಲೂ
ನನ್ನ ಮಣಿಕಟ್ಟಿಗೆ ಬಂದು ಲೆಕ್ಕ ಒಪ್ಪಿಸುತ್ತಿತ್ತು.
ಒಂದು ಗೇಣು ಇಳಿಯಬೇಕಾದ ಫೋರ್ಕು
ಎರಡು ಬೆರಳು ಇಳಿದು, ಗಂಭೀರವಾಗಿ, ಸುಮ್ಮನಾಯಿತು,
ಹಿರಿಯರ ಪಂಚಾತಿಕೆಯಲ್ಲಿ ನಾನು ಬಾಯಿ ತೆರೆದಾಗ ಆಗುವ ಹಾಗೆ.

ಮರುದಿನ ಚೀಟಿ ಹರಿಯಲೂ ಕೈ ಬರಲಿಲ್ಲ.

ಇಂಡಸ್ಟ್ರಿಯಲ್ ಏರಿಯಾ ಐದರಲ್ಲಿ ದಾವಲಸಾಬನ ಅಂಗಡಿ;
ನವಲಗುಂದದವ. ಫೋರ್ಕನ್ನು ಒಮ್ಮೆ ಒತ್ತಿ ನೋಡಿದ, ನನ್ನನ್ನೊಮ್ಮೆ.
"ಇದು ನಿಮ್ಮ ಸ್ಪ್ರಿಂಗ್ ಅಲ್ರೀ ಅಕ್ಕಾರ.
ಬ್ಯಾರೆಯವರ ಚಪ್ಪಲ್ಯಾಗ ಎಷ್ಟ ದಿನ ನಡೀತೀರಿ?
ಗಾಳಿ ಫೋರ್ಕ್ ಹಾಕ್ರಿ. ಗಾಳಿ ಹೇಳಿದಂಗ ಕೇಳತದ,
ಉಕ್ಕ ಯಾರ ಮಾತೂ ಕೇಳೂದಿಲ್ಲ."

ದಪ್ಪ ಕಾಲಿನದೊಂದು ನೋಡಲು ಚೆಂದವಿತ್ತು. ಅರ್ಧ ಕಿಲೋ ಹೆಚ್ಚು.
"ಅದನ್ನ ಬಗ್ಗಸಾಕ ನೀವು ಸಾಲೂದಿಲ್ಲ" ಎಂದ,
ಹಗುರವಾಗಿ ಅಂದದ್ದಲ್ಲ.
ಅಳೆದೂ ತೂಗಿ ನೂರಿಪ್ಪತ್ತು ಮಿಲಿಮೀಟರಿನ, ಸಣ್ಣ ಕಾಲಿನದನ್ನೇ ಆರಿಸಿದೆವು.

ಅದರ ಕಾಲಿಗೆ ಅಂಟಿಸಿದ ಪಟ್ಟಿ:
ಸವಾರನ ತೂಕ, ತುಂಬಬೇಕಾದ ಒತ್ತಡ.
ಮೊದಲ ಸಾಲು ಐವತ್ತೈದರಿಂದ.
ಅದರ ಮೇಲೆ ಕಂಪನಿಯ ಹೆಸರು, ಅದರ ಮೇಲೆ ಬರೀ ಕಪ್ಪು ಬಣ್ಣ.
ಆ ಕಪ್ಪಿನಲ್ಲೆಲ್ಲೋ ನಾನಿದ್ದೆ.

ದಾವಲಸಾಬ ಪಟ್ಟಿ ಓದುವವನಲ್ಲ.
ರಬ್ಬರ್ ಉಂಗುರವನ್ನು ಕೆಳಕ್ಕೆ ಸರಿಸಿ, "ಹತ್ರಿ" ಎಂದ.
ಗೋಡೆಗೆ ಮೊಣಕೈ ಕೊಟ್ಟು ಹತ್ತಿದೆ.
"ಉಸರ ಬಿಡ್ರಿ, ಇದು ಎಕ್ಸ್-ರೇ ಅಲ್ಲ."
ಮೆಲ್ಲಗೆ ಇಳಿದೆ. ಉಂಗುರ ನಿಂತಲ್ಲಿ ಅಳತೆಪಟ್ಟಿ ಇಟ್ಟ:
ಹದಿನೈದು. ಸಾಲದು.
ಪಿಸ್ಸೆಂದು ಒಂದಿಷ್ಟು ಗಾಳಿ ಬಿಟ್ಟ. ಮತ್ತೆ ಹತ್ತು, ಮತ್ತೆ ಇಳಿ.
ಪಂಪಿನ ಮುಳ್ಳು ಐವತ್ತೆರಡು, ನಲವತ್ತೆಂಟು, ನಲವತ್ತನಾಲ್ಕು.
ಉಂಗುರ ಇಪ್ಪತ್ತನಾಲ್ಕಕ್ಕೆ ಬಂದು ನಿಂತಾಗ
ಹೊರಗೆ ನೀರಿನ ಟ್ಯಾಂಕರೊಂದು ಹಾರ್ನ್ ಹೊಡೆಯುತ್ತಲೇ ಇತ್ತು.

ಒಳಗಿದ್ದ ಎರಡು ಪ್ಲಾಸ್ಟಿಕ್ ಬಿಲ್ಲೆ ತೆಗೆದು ಮೇಜಿನ ಮೇಲಿಟ್ಟ.
ಕೆಳಗಿನ ಕೆಂಪು ತಿರುಪನ್ನು ಟಿಕ್ ಟಿಕ್ ಎಂದು ಕೊನೆತನಕ ತೆರೆದ;
ಆದರೂ ಫೋರ್ಕು ಏಳಲು ಸೋಮಾರಿ,
ಊಟ ಮಾಡಿ ಮಲಗಿದವರ ಹಾಗೆ.
"ಹಗೂರ ಮಂದಿಗೆ ಎಣ್ಣಿನೂ ತೆಳ್ಳಗಿರಬೇಕ್ರಿ.
ದಪ್ಪ ಎಣ್ಣಿಯೊಳಗ, ಕೆಳಗ ಹೋದದ್ದು ಮ್ಯಾಲ ಬರೂದ ಮರೀತದ."
ಬದಲಿಸಿದ. ಕೈ ಒರೆಸಿಕೊಂಡ.
ಪಟ್ಟಿಯ ಮೊದಲ ಸಾಲಿನ ಮೇಲೆ ಬಿಳಿ ಟೇಪು ಹಚ್ಚಿ
ಬಾಲ್‌ಪೆನ್ನಿನಲ್ಲಿ ಬರೆದ, ಕನ್ನಡದ ಅಂಕಿಗಳಲ್ಲಿ:
ಪ್ರೆಸಿಲ್ಲಾ. ೪೬ – ೪೪.

ಶುಕ್ರವಾರ, ಹತ್ತಾ. ಅಣೆಕಟ್ಟಿನ ಹಿಂದೆ ಬಿಸಿಲು ಇನ್ನೂ ಎಳೆಯದು.
ಅದೇ ಇಳಿಜಾರು, ಅದೇ ಕಲ್ಲು.
ಮುಂದಿನ ಚಕ್ರ ತಾಗಿತು, ಫೋರ್ಕು ಕುಸಿಯಿತು, ಎದ್ದಿತು,
ಮಣಿಕಟ್ಟಿಗೆ ಸುದ್ದಿಯಷ್ಟೇ ಬಂತು.
ಇಷ್ಟು ವರ್ಷದಲ್ಲಿ ನನ್ನ ಭಾರಕ್ಕೆ
ಏನೋ ಒಂದು ತಗ್ಗಿದ್ದು, ನಾನು ಕಂಡಂತೆ, ಇದೇ ಮೊದಲು.
ಮೇಕೆಯೊಂದು ದಾರಿ ಬಿಡದೆ ನಿಂತಿತ್ತು; ಅದಕ್ಕೂ ಹೇಳಿದೆ.

ಕೆಳಗೆ ಬಂದು ಉಂಗುರ ನೋಡಿದೆ. ಫೋನು ಮಾಡಿದೆ:
ದಾವಲಸಾಬ, ಮೇಲೆ ಇನ್ನೊಂದು ಬೆರಳು ಉಳಿದಿದೆ,
ಇನ್ನಷ್ಟು ಗಾಳಿ ಬಿಡಲಾ?

"ಇರ್ಲಿ ಬಿಡ್ರಿ ಅಕ್ಕಾರ," ಎಂದ,
"ಅದು ಬೀಳೂ ದಿನಕ್ಕ."