ಯಾರೋ ಬರ್ತಾರೆ

ಮಾರಿಕುಪ್ಪಂ ಗಾಡಿ, ಮೂರನೇ ಬೋಗಿ, ಕಿಟಕಿ ಪಕ್ಕ
ಊರಿಗಾಂನಲ್ಲಿ ಹತ್ತುವವರ ಜಾಗ.
ಡಬ್ಬಿಗೆ ರಬ್ಬರ್ ಬ್ಯಾಂಡು, ಎಡಗೈಗೆ ಹೆಬ್ಬೆರಳಿಲ್ಲ,
ಬಂಗಾರಪೇಟೆಗೆ ಮುಂಚೆಯೇ ತೂಕಡಿಕೆ,
ಮಾಲೂರು ಬಂತೆಂದರೆ ನನ್ನ ಭುಜವೇ ದಿಂಬು.
ಆರು ವರ್ಷ. ಹೆಸರು ಕೇಳಿಲ್ಲ.

ಸೋಮವಾರ ಬರಲಿಲ್ಲ.
ಮಂಗಳವಾರ ಮರ್ಸಿಯಮ್ಮ ಹೂ ಕಟ್ಟುತ್ತ ಬಾಗಿಲ ಕಡೆ ನೋಡಿದಳು,
ನಾನು ನೋಡಿದ್ದನ್ನು ನೋಡಿ
ದಾರ ಹಲ್ಲಲ್ಲಿ ಕಚ್ಚಿಕೊಂಡಳು.
ಗೊರಕೆಗೆ ದಿನಾ ಬಯ್ಯುತ್ತಿದ್ದ ಏಳುಮಲೈಗೆ
ಬುಧವಾರ ಇಸ್ಪೀಟಿನ ಲೆಕ್ಕವೇ ತಪ್ಪಿತು.

ಯಾರನ್ನು ಕೇಳುವುದು, ಏನಂತ ಕೇಳುವುದು?
ಹೆಬ್ಬೆರಳಿಲ್ಲದವರು ಅಂತಲೇ?
ನನ್ನ ಫೋನಿನಲ್ಲಿ ನಾನೂರು ಹೆಸರಿವೆ.
ಹುಟ್ಟುಹಬ್ಬಕ್ಕೆ ಕೇಕಿನ ಚಿತ್ರ ಕಳಿಸುತ್ತೇನೆ,
ಸತ್ತರೆ ಕೈಮುಗಿದ ಚಿತ್ರ.
ಒಬ್ಬರ ತಲೆಯ ಭಾರವೂ ನನಗೆ ಗೊತ್ತಿಲ್ಲ.

ಶನಿವಾರ ಕಾಲಿಡಲು ಜಾಗವಿಲ್ಲ.
ಟೇಕಲ್‌ನಲ್ಲಿ ಹತ್ತಿದ ಹುಡುಗನೊಬ್ಬ
ಸಂದಿಯಲ್ಲಿ ನುಸುಳಿ ಬಂದು, ಬ್ಯಾಗಿಳಿಸಿ,
ಕಿಟಕಿ ಪಕ್ಕ ಕೂರಹೋದ.

ಯಾರೋ ಬರ್ತಾರೆ, ಅಂದೆವು
ಮೂವರೂ ಒಟ್ಟಿಗೆ.

ಊರಿಗಾಂ ಹಿಂದಕ್ಕೆ ಹೋಗಿ
ಆಗಲೇ ಮುಕ್ಕಾಲು ಗಂಟೆಯಾಗಿತ್ತು.
ಹುಡುಗ ನಮ್ಮ ಮುಖ ನೋಡಿ
ಏನೂ ಕೇಳದೆ ನಿಂತೇ ಇದ್ದ.